ತೋಳ ಕಾಣುವ ಮಾನಿಟರ್

ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ‘ಬೇಡ’ ಎನ್ನುವುದಿಲ್ಲ, ‘ನೋಡೂನು’ ಎನ್ನುತ್ತಾರೆ. ಆ ಮಾತಿನ ಮರೆಯಲ್ಲಿ ಎಷ್ಟು ಆರಾಮಾಗಿ ಅಡಗಿ ಕೂರಬಹುದೆಂದು ನನಗೆ ತಿಳಿದದ್ದು, ಎಚ್‌ಡಿಆರ್ ಗೇಮಿಂಗ್ ಮಾನಿಟರೊಂದನ್ನು ಈಗಲೇ ಕೊಳ್ಳಬೇಕೋ, ಇನ್ನಷ್ಟು ಕಾಯಬೇಕೋ ಎಂಬ ಚಿಂತೆ ಹತ್ತಿದ ಮೇಲೆ. ಗೇಮ್ ಆಡುವವರು ಯಾರು ಎಂದು ಮಾತ್ರ ಕೇಳಬೇಡಿ. ಕೇಳಿದರೆ ಸೆರಗಿನ ತುದಿ ತಿರುವುತ್ತಾ ‘ನಾನೇ’ ಎನ್ನಬೇಕಾಗುತ್ತದೆ.

ನಮ್ಮಲ್ಲಿದ್ದ ಮೈದುನನ ಮಗ ಓದಲು ಹುಕ್ಕೇರಿಗೆ ಹೋಗುವಾಗ ತನ್ನ ಕಂಪ್ಯೂಟರನ್ನೂ ಗೇಮ್ ಆಡಲು ಕೈಯಲ್ಲಿ ಹಿಡಿಯುವ ಕಪ್ಪು ಕಂಟ್ರೋಲರನ್ನೂ ಗೋಕಾಕದ ಮನೆಯಲ್ಲೇ ಬಿಟ್ಟುಹೋದ. ಅವುಗಳ ಧೂಳು ಒರೆಸುತ್ತಾ ಒರೆಸುತ್ತಾ ಒಂದು ದಿನ ಗೇಮಿನೊಳಗಿನ ಕುದುರೆ ಹತ್ತಿದೆ, ಇನ್ನೂ ಇಳಿದಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆ ಅಡ್ಡಾದ ಮೇಲೆ, ಕಾಡು ದಾಟಿ ಒಂದು ಗುಹೆಯವರೆಗೆ ಹೋಗುತ್ತೇನೆ. ಅಲ್ಲೊಂದು ತೋಳ. ನಮ್ಮ ಮಂಕು ಮಾನಿಟರಿನಲ್ಲಿ ಗುಹೆಯೆಂದರೆ ರೊಟ್ಟಿ ಹಂಚಿನ ತಳ. ಕಚ್ಚಿದ ಮೇಲೆಯೇ ತೋಳ ಇತ್ತೆಂದು ತಿಳಿಯುವುದು. ಒಳ್ಳೆಯ ಎಚ್‌ಡಿಆರ್ ಇದ್ದರೆ, ಅಂದರೆ ಬೆಳಕು-ನೆರಳು ಬಿಡಿಸಿ ತೋರುವ ಪರದೆಯಿದ್ದರೆ, ಕತ್ತಲಲ್ಲೂ ಅದರ ಬೆನ್ನಿನ ಕೂದಲು ಎಣಿಸಬಹುದಂತೆ. ಅಂಗಳದಲ್ಲಿ ಚಪ್ಪಲಿ ಸಪ್ಪಳವಾದರೆ ತಟ್ಟನೆ ಕಸೂತಿ ಕಲಿಸುವ ವಿಡಿಯೊ ತೆರೆಯುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ, ಬೆನ್ನು ನೆಟ್ಟಗಿಟ್ಟು ಕೂರುವ ಶಿಸ್ತು ಆಗ ಬಹಳ ಉಪಯೋಗಕ್ಕೆ ಬರುತ್ತದೆ. ಅತ್ತೆ ನಾಗನೂರಿನ ನಂಟರೆದುರು, “ನಮ್ಮ ಸೊಸಿ ಕಂಪ್ಯೂಟರದಾಗ ಕಸೂತಿ ಕಲ್ಯಾಕತ್ತಾಳ” ಎಂದು ಹೆಮ್ಮೆಪಟ್ಟಾಗ ಮುಖ ಎಲ್ಲಿಡಬೇಕೋ ತಿಳಿಯದೆ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದೆ.

ಕಸೂತಿಯ ಎಳೆ ಕಾಣುವುದಿಲ್ಲವೆಂದು ಮನೆಯವರನ್ನು ಒಪ್ಪಿಸಿ ಅಂಗಡಿಗೆ ಹೋದೆ. ಅಲ್ಲಿ ಮತ್ತೊಂದು ಸುಳ್ಳು: “ಮೈದುನನ ಮಗಗ ಬೇಕಾಗಿತ್ರಿ.”

“ಹುಡುಗರಿಗೆ ಇದ ಸಾಕ್ರಿ ಅಕ್ಕಾರ. ಡಬ್ಬಿ ಮ್ಯಾಲೆ ಎಚ್‌ಡಿಆರ್ ಅಂತ ಬರದೈತಿ ನೋಡ್ರಿ.”

“ಡಬ್ಬಿ ಮ್ಯಾಲೆ ಬರದ್ರ ಏನಾತ್ರಿ? ಬೆಳಕ ಸಾಲಂಗಿಲ್ಲ ಇದರದು. ಗುಹಾದಾಗ ಎಡಕ್ಕ ತ್ವಾಳ ನಿಂತಿರತೈತಿ. ಕುದರಿ ಇಳಿಯೂದರಾಗ ಮೊಣಕಾಲಿಗೇ ಬಾಯಿ ಹಾಕತೈತಿ!”

ಅಂಗಡಿಯವನು ಕೈಯಲ್ಲಿದ್ದ ಚಹಾ ಕೆಳಗಿಟ್ಟ. “ಯಾರ ಮೊಣಕಾಲಿಗ್ರಿ?”

ನನ್ನ ಕಿವಿ ಬಿಸಿಯಾಯಿತು. “ಮುಂದ ಇನ್ನೂ ಚಲೋ ಮಾಡೆಲ್ ಬರ್ತಾವಲ್ರಿ, ನೋಡೂನು” ಎಂದವಳು ಛತ್ರಿಯನ್ನು ಅಲ್ಲೇ ಮರೆತು ಬಂದೆ. “ಎಷ್ಟ ತಾಳ್ಮಿ ನಿನಗ!” ಎಂದು ಮನೆಯವರು ಮೆಚ್ಚಿಕೊಂಡರು. ನಾಚಿಕೆಗೆ ತಾಳ್ಮೆಯೆಂಬ ಹೆಸರು ಬಿದ್ದು, ಮಾನಿಟರ್ ಮುಂದಕ್ಕೆ ಹೋಗುತ್ತಲೇ ಇತ್ತು.

ಅಷ್ಟರಲ್ಲಿ ಖಂಡೇಪೂಜೆ ಬಂತು. ಅವತ್ತು ಮನೆಯಲ್ಲಿ ಅವರವರು ದುಡಿಯುವ ಆಯುಧವನ್ನು ತೊಳೆದು ದೇವರ ಮುಂದಿಡಬೇಕು. ಮನೆಯವರು ಪಾನಾ, ಸ್ಕ್ರೂಡ್ರೈವರ್ ಇಟ್ಟರು. ಅತ್ತೆ ಕುಡುಗೋಲು ಇಟ್ಟರು. ನಾನು ಸದ್ಗೃಹಿಣಿಯಂತೆ ಈಳಿಗೆ ಇಟ್ಟು ಕೈಮುಗಿದೆ. ಅತ್ತೆ ಈಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಕೋಣೆಗೆ ಹೋಗಿ, ಗುಂಡಿಗಳು ಸವೆದ ಆ ಕಪ್ಪು ಗೇಮ್ ಕಂಟ್ರೋಲರನ್ನು ತಂದು ಈಳಿಗೆಯ ಬಾಜೂಕ್ಕೆ ಇಟ್ಟು, ಮೂರು ಬೆರಳಿನಿಂದ ವಿಭೂತಿ ಎಳೆದರು.

“ದಿನಾ ಹಿಡಿಯೂದು ಇದನ್ನ. ದೇವರ ಮುಂದ ಈಳಗಿ ಇಟ್ರ ಅವಗ ತಿಳಿಯಂಗಿಲ್ಲೇನ?”

ಮನೆಯವರ ಬಾಯಿ ತೆರೆದೇ ಇತ್ತು. “ಯವ್ವಾ, ಇದು ಕಸೂತಿ ಮಾಡೂದಲ್ಲ?”

“ಎಲ್ಲೀ ಕಸೂತಿ! ನಾ ಬಾಗಲದಾಗ ನಿಂತ ನೋಡೇನಿ. ದಿನಾ ಆ ಗವ್ಯಾಗ ಹೊಕ್ಕು ಕಚ್ಚಿಸಿಕೊಂಡ ಬರ್ತಾಳ. ಕಾಣೂವಂಥಾದು ಒಂದ ತಂದಕೊಡೋ.”

ನೆಲ ನೋಡುತ್ತಾ ನಿಂತೆ. ರಂಗೋಲಿಯ ಒಂದು ಎಳೆ ಸೊಟ್ಟಗಿದ್ದುದು ಆಗ ಕಂಡಿತು. “ನಾಳಿಗೇ ತರೂನೇನ?” ಎಂದರು ಮನೆಯವರು, ನಗು ತಡೆಯುತ್ತಾ.

ಇನ್ನು ಅಡಗಲು ಮರೆಯೇ ಉಳಿದಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ‘ನೋಡೂನು’ ಎಂಬ ಮಾತೇ. ಇಷ್ಟು ದಿನ ಕಚ್ಚಿಸಿಕೊಂಡಿದ್ದಕ್ಕೆಲ್ಲ ಮಂಕು ಪರದೆಯನ್ನು ಬೈದಿದ್ದೇನೆ. ಹೊಸದರಲ್ಲಿ ತೋಳ ಬೆನ್ನಿನ ಕೂದಲ ಸಮೇತ ಸ್ಪಷ್ಟವಾಗಿ ಕಂಡೂ ಕಚ್ಚಿತೆಂದರೆ, ಬಾಗಿಲಲ್ಲಿ ನಿಂತ ಅತ್ತೆಗೆ ಏನೆಂದು ಹೇಳಲಿ?