ಏಳನೇ ಕ್ಲಾಸ್ ಬಿಟ್ಟವನ ಬಿ.ಎಡ್.

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಮಂಗಳವಾರ. ಚಿತ್ತಾಪುರದ ನಮ್ಮ ಸಾಲಿಗೆ ಅವತ್ತು ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಹಿಂದಿನ ಸಂಜೆ ಮಾಸ್ತರು ನನ್ನನ್ನು ಬಾಗಿಲ ಹತ್ತಿರ ಕರೆದು, "ನಾಳಿಗಿ ನೀ ಬರಬ್ಯಾಡ, ನಮ್ಮ ಮಾನ ಹೋಗ್ತದ" ಅಂದರು. ನಾನು ಮಾತು ಕೇಳುವ ಹುಡುಗ. ಹದಿನಾಲ್ಕು ವರ್ಷ ಹೋಗಲಿಲ್ಲ.

ಆ ಹದಿನಾಲ್ಕು ವರ್ಷದಲ್ಲಿ ವಾಡಿ ಸ್ಟೇಷನ್ನಿನಲ್ಲಿ ಚಹಾ ಮಾರಿದೆ, ಚಿಂಚೋಳಿಯಲ್ಲಿ ಬಸ್ಸಿನ ಮೇಲೆ ಸಾಮಾನು ಏರಿಸಿದೆ, ಶಹಾಬಾದಿನಲ್ಲಿ ಎರಡು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದೆ. ಎಲ್ಲಿದ್ದರೂ ಸಾಲಿಯ ಓಣಿಯೊಂದನ್ನು ಬಿಟ್ಟು ತಿರುಗಿದೆ. ಅಂಥವನು ಒಂದು ಪೂರ್ತಿ ವರ್ಷ ಬಿ.ಎಡ್. ಪಾಠಗಳಲ್ಲಿ ಕೂತೆ. ಇಂಥವು ನನಗೇ ಯಾಕೆ ಆಗುತ್ತವೆ ಅಂತ ಇನ್ನೂ ತಿಳಿದಿಲ್ಲ.

ಅಕ್ಕ ಮನೆಯಲ್ಲೇ ಓದಿ ಬಿ.ಎ. ಪಾಸಾದವಳು. ಸೇಡಂನ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಳು, ಆದರೆ ಕಾಯಂ ಅಲ್ಲ. ಬರುವ ಜೂನ್ ಒಳಗೆ ಬಿ.ಎಡ್. ಆಗದಿದ್ದರೆ ಆ ಜಾಗ ಇನ್ನೊಬ್ಬರಿಗೆ ಎಂದು ಹೆಡ್‌ಮಾಸ್ತರು ಹೇಳಿಬಿಟ್ಟಿದ್ದರು. ಟ್ರೇನಿಂಗ್ ಕಾಲೇಜು ಗುಲಬರ್ಗಾದಲ್ಲಿ. ಮಕ್ಕಳಿಗೆ ಪಾಠ ಹೇಳಿ ರೂಢಿ ಮಾಡಿಕೊಳ್ಳುವುದು ಶಹಾಬಾದಿನ ಸಾಲಿಯಲ್ಲಿ. ಚಿತ್ತಾಪುರದಿಂದ ವಾಡಿ, ವಾಡಿಯಲ್ಲಿ ಗಾಡಿ ಬದಲಿಸಿ ಮುಂದೆ. ಹೆಣ್ಣುಮಗಳು ಒಬ್ಬಳೇ ಹೇಗೆ ಹೋಗುವುದು ಎಂದು ಮನೆಯಲ್ಲಿ ಚಿಂತೆ ನಡೆದಿದ್ದ ವಾರವೇ ನಾನು ಊರಿಗೆ ಬಂದೆ.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀ ಹ್ಯಾಂಗಿದ್ರೂ ಊರೂರು ತಿರುಗಾವ. ಆಕಿ ಜತಿಗಿ ತಿರುಗು."

ಅದಕ್ಕೆ ಡಿಗ್ರಿ ಬೇಕಾಗಿರಲಿಲ್ಲ.

ಮೊದಲೇ ಬರೆದ ಉತ್ತರ

ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಕ್ಕ ಪಾಠ ಯೋಜನೆ ಬರೆಯುತ್ತಿದ್ದಳು. ಬಿ.ಎಡ್.ನಲ್ಲಿ ಪಾಠ ಹೇಳುವುದಕ್ಕಿಂತ ಅದನ್ನು ಬರೆಯುವುದೇ ದೊಡ್ಡ ಕೆಲಸ. ಹಾಳೆಯ ಎಡಕ್ಕೆ ಟೀಚರ್ ಕೇಳುವ ಪ್ರಶ್ನೆ. ಬಲಕ್ಕೆ ಇನ್ನೊಂದು ಕಾಲಂ, ತಲೆಯ ಮೇಲೆ 'ನಿರೀಕ್ಷಿತ ಉತ್ತರ' ಅಂತ ಇತ್ತು. ಅದೂ ಪೂರ್ತಿ ತುಂಬಿತ್ತು.

"ಅಕ್ಕಾ, ಆ ಮಕ್ಕಳಿಗಿ ನೀ ಇನ್ನಾ ನೋಡೇ ಇಲ್ಲ. ಅವ್ರು ಹಿಂಗೇ ಅಂತಾರಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾವೇ ನಿರೀಕ್ಷೆ ಮಾಡಬೇಕು."

"ಮತ್ತ ಅವ್ರು ಬ್ಯಾರೆ ಏನರ ಅಂದ್ರ?"

ಅಕ್ಕ ಪೆನ್ನು ನಿಲ್ಲಿಸಿ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಅದಕ್ಕ ಕಾಲಂ ಇಲ್ಲ."

ಹೆಸರು ಹೇಳಬಾರದು

ಇನ್ನೊಂದು ಕಾನೂನು ಇತ್ತು. ಇವತ್ತಿನ ಪಾಠ ಯಾವುದು ಅಂತ ಟೀಚರ್ ತಾನಾಗಿ ಹೇಳುವಂತಿಲ್ಲ. ಸುತ್ತ ಬಳಸಿ ಏಳೆಂಟು ಪ್ರಶ್ನೆ ಕೇಳಬೇಕು, ಕೊನೆಗೆ ಪಾಠದ ಹೆಸರು ಮಕ್ಕಳ ಬಾಯಿಂದಲೇ ಉದುರಬೇಕು. ಆಮೇಲೆ ಅದನ್ನು ಬೋರ್ಡಿನ ಮೇಲೆ ಬರೆಯಬೇಕು. ಎಲ್ಲರಿಗೂ ಗೊತ್ತಿದ್ದದ್ದನ್ನು ಇಷ್ಟು ಮುಚ್ಚಿಡುವುದನ್ನು ನಾನು ಮದುವೆ ಮಾತುಕತೆಯಲ್ಲಿ ಮಾತ್ರ ನೋಡಿದ್ದೆ.

ಶಹಾಬಾದಿನ ಸಾಲಿಯಲ್ಲಿ ಅಕ್ಕನ ಮೊದಲ ಪಾಠ, ಮುಂಗಾರು ಮಾರುತಗಳು. ಹಿಂದಿನ ಬೆಂಚಿನ ಮೇಲೆ ಕಾಲೇಜಿನ ಲೆಕ್ಚರರು ಮಾರ್ಕ್ಸ್ ಬರೆಯುವ ವಹಿ ಹಿಡಿದು ಕೂತಿದ್ದರು. ನಾನು ಕಿಟಕಿಯ ಹೊರಗೆ.

ಅಕ್ಕ ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಕೇಳಿದಳು. "ಮಕ್ಕಳೇ, ಬೆಳಿಗ್ಗೆ ಎದ್ದು ಯಾವುದರಿಂದ ಮುಖ ತೊಳೆಯುತ್ತೀರಿ?"

ಇಡೀ ಕ್ಲಾಸು ಒಂದೇ ದನಿಯಲ್ಲಿ, "ಮುಂಗಾರು ಮಾರುತಗಳು ರೀ."

ಪ್ರತಿ ವರ್ಷ ಹೊಸ ಬಿ.ಎಡ್.ನವರು ಬಂದು ಅದೇ ಪಾಠ ಹೇಳಿ ಹೇಳಿ ಆ ಮಕ್ಕಳು ಪಳಗಿಹೋಗಿದ್ದರು. ಅಕ್ಕನ ಕೈಯಲ್ಲಿ ಇನ್ನೂ ಏಳು ಪ್ರಶ್ನೆ ಉಳಿದಿದ್ದವು. ಆಕೆ ಹಾಳೆಯ ಮೇಲೆ ಬೆರಳು ಓಡಿಸತೊಡಗಿದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕನಿಕರದಿಂದ ಹೇಳಿದಳು:

"ಟೀಚರ್, ಅಂಜಬ್ಯಾಡ್ರಿ. ಈಗ ಬೋರ್ಡಿನ ಮ್ಯಾಲ ಹೆಸರು ಬರೀರಿ. ಆಮ್ಯಾಲ ಭಾರತದ ನಕಾಶಿ ಹಾಕ್ರಿ. ಹೋದ ವರ್ಷದ ಟೀಚರ್ ಮೊದಲೇ ನಕಾಶಿ ಹಾಕಿ ಮಾರ್ಕ್ಸ್ ಕಳ್ಕೊಂಡ್ರು."

ಅಕ್ಕ ಬರೆದಳು. ಹುಡುಗಿ ಹೇಳಿದ ಹಾಗೆ ಒಂದೊಂದೇ ಮಾಡಿ ಪಾಠ ಮುಗಿಸಿದಳು. ಲೆಕ್ಚರರು ವಹಿಯಲ್ಲಿ ಬರೆದದ್ದು ಇಷ್ಟು: 'ತರಗತಿಯ ಮೇಲೆ ಹಿಡಿತ ಚೆನ್ನಾಗಿದೆ. ಯಾರದು ಎಂಬುದು ತಿಳಿಯಲಿಲ್ಲ.'

ಏನೂ ಗೊತ್ತಿಲ್ಲದವನು

ಈ ಸುದ್ದಿ ಹಬ್ಬಿ ಅಕ್ಕನ ಜತೆಯ ಬಿ.ಎಡ್.ನವರೆಲ್ಲ ಚಿಂತೆಗೆ ಬಿದ್ದು ಪರೇಶಾನ್ ಆದರು. ರೂಢಿಗೆ ಪಾಠ ಮೊದಲೇ ಗೊತ್ತಿರದ ಒಬ್ಬ ಖರೆ ವಿದ್ಯಾರ್ಥಿ ಬೇಕು, ಎಲ್ಲಿ ಸಿಗಬೇಕು? ಸಾಲಿಯ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದ ನನ್ನ ಹತ್ತಿರ ತಲೆ ಬೆಳ್ಳಗಾದ ಒಬ್ಬರು ಬಂದರು. ಇಪ್ಪತ್ತು ವರ್ಷ ಪಾಠ ಹೇಳಿ ಈಗ ಪಾಠ ಹೇಳುವುದನ್ನು ಕಲಿಯಲು ಬಂದವರು.

"ತಮ್ಮಾ, ನೀ ಎಷ್ಟು ಓದೀದಿ?"

"ಏಳನೇ ಕ್ಲಾಸ್ ನಡುವ ಬಿಟ್ಟೀನ್ರಿ."

"ಮಾರುತ ಅಂದ್ರೇನು ಗೊತ್ತದ?"

"ಹನುಮಪ್ಪನ ಗುಡಿ ಅದರಿ ನಮ್ಮ ಓಣ್ಯಾಗ."

ಅವರ ಕಣ್ಣು ತುಂಬಿ ಬಂತು. "ಭಾಳ ಚಲೋ ಆಯ್ತು. ಕುಂದ್ರು."

ಅಂದಿನಿಂದ ಬೇವಿನ ಕೆಳಗೆ ಒಬ್ಬರ ಹಿಂದೆ ಒಬ್ಬರು ನನಗೆ ಮುಂಗಾರಿನ ಪಾಠ ಹೇಳಲು ಪಾಳಿ ಹಚ್ಚಿದರು. ಅಷ್ಟು ಜನ ಓದಿದವರು ನನ್ನ ಅಜ್ಞಾನಕ್ಕೆ ಅಷ್ಟು ಮರ್ಯಾದೆ ಕೊಟ್ಟದ್ದು ಮುಂದೆ ಎಂದೂ ಆಗಲಿಲ್ಲ. ಆದರೆ ಅದೇ ಮಾತು ಎಷ್ಟು ಸಲ ಕೇಳುವುದು? ಹದಿನೈದನೆಯವರು ಬಂದು, "ಮುಖ ಯಾವುದರಿಂದ..." ಅನ್ನುವಷ್ಟರಲ್ಲಿ ನನ್ನ ಬಾಯಿಂದ ನೈಋತ್ಯ, ಈಶಾನ್ಯ, ಅರಬ್ಬಿ ಸಮುದ್ರ ಎಲ್ಲಾ ಹೊರಗೆ ಬಂದವು.

ಅವರು ಪುಸ್ತಕ ಮುಚ್ಚಿ ಎದ್ದರು. ಹಿಂದಿನವರಿಗೆ ಹೇಳಿದರು, "ಹೋಗ್ರಿ, ಇವನೂ ಕೆಟ್ಟ."

ಇಟ್ಟಿಗೆ ಗೋಡೆ

ಕೊನೆಯ ಪರೀಕ್ಷೆ ಪಾಠದ ದಿನ ಬಂತು. ನೋಡಲು ಬಂದ ಪರೀಕ್ಷಕರು ಮೈಸೂರು ಕಡೆಯವರು. ಇದು ಹೋದರೆ ಸೇಡಂ ಕೆಲಸವೂ ಹೋಯಿತು ಎಂದು ಅಕ್ಕ ಎರಡು ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ಊರಲ್ಲಿ ದೊಡ್ಡ ಲಗ್ನವಿದ್ದು ಅರ್ಧ ಮಕ್ಕಳು ಬಂದಿರಲಿಲ್ಲ. ಕ್ಲಾಸು ಖಾಲಿ ಕಾಣಬಾರದು ಎಂದು ಆ ಸಾಲಿಯ ಹೆಡ್‌ಮಾಸ್ತರು ನನ್ನನ್ನು ಕೊನೆಯ ಸಾಲಿನಲ್ಲಿ ಕೂಡಿಸಿದರು, ಮೀಸೆ ಸಮೇತ.

ಪಾಠ, ಸುಣ್ಣದ ಕಲ್ಲು. ಯೋಜನೆಯನ್ನು ಅಕ್ಕ ಯಾವುದೋ ದೂರದ ಊರಿನ ಮಾದರಿ ನೋಡಿ ಬರೆದಿದ್ದಳು. ಗೋಡೆ ಯಾವುದರಿಂದ? ಇಟ್ಟಿಗೆ. ತಲೆಯ ಮೇಲಿನ ಮಾಳಿಗೆ ಯಾವುದರಿಂದ? ಹಂಚು. ನೆಲ ಯಾವುದರಿಂದ? ಆಗ ಮಾತ್ರ ಕಲ್ಲು ಬರಬೇಕು. ಶಹಾಬಾದಿನಲ್ಲಿ ಗೋಡೆ ಕಲ್ಲು, ಮಾಳಿಗೆ ಕಲ್ಲು, ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಕೂತುಕೊಳ್ಳುವುದೂ ಕಲ್ಲಿನ ಮೇಲೆ. ಆ ಮುಂದಿನ ಸಾಲಿನ ಹುಡುಗಿ ಅಕ್ಕನ ಹಾಳೆ ನೋಡಿ ಇದನ್ನು ಮೊದಲೇ ತಿಳಿದು ಎಲ್ಲರಿಂದ ಆಣೆ ಹಾಕಿಸಿದ್ದಳು: ಟೀಚರ್ ನೆಲಕ್ಕೆ ಬರುವ ತನಕ ಕಲ್ಲು ಅನ್ನಬಾರದು.

"ಗೋಡೆಯನ್ನು ಯಾವುದರಿಂದ ಕಟ್ಟಿದ್ದಾರೆ?"

"ಇಟ್ಟಿಗಿ ರೀ."

"ಮಾಳಿಗೆಯನ್ನು?"

"ಹಂಚು ರೀ."

ಪರೀಕ್ಷಕರು ಕನ್ನಡಕ ಏರಿಸಿ ಗೋಡೆ ನೋಡಿದರು, ಮಾಳಿಗೆ ನೋಡಿದರು. ಎದ್ದು ಗೋಡೆ ತಟ್ಟಿಯೂ ನೋಡಿದರು. ಆಮೇಲೆ ಕ್ಲಾಸಿನಲ್ಲಿ ಎಲ್ಲರಿಗಿಂತ ಬೆಳೆದವನ ಹತ್ತಿರ ಬಂದರು.

"ನೀನು ಹೇಳಪ್ಪ. ಇದು ಯಾವ ಗೋಡೆ?"

ಎರಡು ವರ್ಷ ಅದೇ ಕಲ್ಲು ಕೊಯ್ದ ಕೈ ನನ್ನದು. ಅಕ್ಕನ ಮುಖ ನೋಡಿದೆ. "ಇಟ್ಟಿಗಿ ರೀ."

"ಯಾವ ಕ್ಲಾಸು ನೀನು?"

"ಏಳು ರೀ."

"ಇದು ಒಂಬತ್ತು ಕಣಯ್ಯಾ."

"ಎರಡು ಬಾಕಿ ಅವ ರೀ."

ಅಷ್ಟರಲ್ಲಿ ಅಕ್ಕ ಹಾಳೆಗಳನ್ನು ಮೇಜಿನ ಮೇಲೆ ಬೋರಲು ಇಟ್ಟಳು. "ಸರ್, ಇವರೆಲ್ಲಾ ನನ್ನ ಸಲುವಾಗಿ ಸುಳ್ಳು ಹೇಳ್ಲಿಕತ್ತಾರ್ರಿ. ಆ ಹಿಂದಿನವ ನನ್ನ ತಮ್ಮ. ಇದು ಕಲ್ಲಿನ ಗ್ವಾಡಿ." ಆಮೇಲೆ ನಮ್ಮನ್ನೆಲ್ಲ ಎಬ್ಬಿಸಿ ಗೋಡೆಗೆ ಕೈ ಹಚ್ಚಿಸಿದಳು. ಕಲ್ಲಿನ ಪದರು ತೋರಿಸಿದಳು, ಸುಣ್ಣ ಎಲ್ಲಿಂದ ಬಂತೆಂದು ಹೇಳಿದಳು. ಕಲ್ಲು ಹೇಗೆ ಸೀಳಬೇಕು ಅಂತ ನನ್ನಿಂದ ಹೇಳಿಸಿದಳು. ಗಂಟೆ ಹೊಡೆದರೂ ಒಬ್ಬರೂ ಗೋಡೆ ಬಿಟ್ಟು ಕದಲಲಿಲ್ಲ.

ಪರೀಕ್ಷಕರು ಬರೆದರು: 'ಯೋಜನೆಯಂತೆ ಏನೂ ನಡೆಯಲಿಲ್ಲ. ಪಾಠ ನಡೆಯಿತು. ಪಾಸು.' ಕೆಳಗೆ ಇನ್ನೊಂದು ಸಾಲು: 'ಕೊನೆಯ ಸಾಲಿನ ವಿದ್ಯಾರ್ಥಿಗೆ ವಿಶೇಷ ಗಮನ ಬೇಕು.'

ಕೊನೆಯ ಕಾಲಂ

ಸೇಡಂ ಜಾಗ ಅಕ್ಕನಿಗೇ ಉಳಿಯಿತು, ಕಾಯಂ ಆಯಿತು. ಬಾಡಿಗೆ ಮನೆಗೆ ಸಾಮಾನು ಸಾಗಿಸಲು ಹೋದವನು ನಾನೂ ಎಂಟು ದಿನ ಅಲ್ಲೇ ಇದ್ದೆ. ಪರೀಕ್ಷಕರು ಬರೆದ ಆ ಕೊನೆಯ ಸಾಲನ್ನು ಅಕ್ಕ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಅಂತ ನನಗೇನು ಗೊತ್ತು? ಒಂದು ಮುಂಜಾನೆ ಸಾಲಿಗೆ ಹೊರಟವಳು ವಹಿ ಹಿಡಿದು ಎದುರಿಗೆ ಕೂತಳು.

"ನೀ ಊರೂರು ತಿರುಗ್ತಿ. ಬಸ್ಸಿನ ಬೋರ್ಡು ಯಾರು ಓದ್ತಾರ?"

"ನಾನೇ."

"ಓದ್ಲಿಕ್ಕಿ ಬರೋರು ಏನು ಕಟ್ಟಬಹುದು?"

ಹದಿನೈದು ಜನರ ಕೈಯಲ್ಲಿ ಪಳಗಿದವನಿಗೆ ಇಷ್ಟು ಸಾಕು. "ಅಕ್ಕಾ, ಇವತ್ತಿನ ಪಾಠ ಏಳನೇ ಕ್ಲಾಸ್ ಪರೀಕ್ಷಾ ಕಟ್ಟೋದು."

ಆಕೆ ವಹಿ ಅಲ್ಲೇ ಇಟ್ಟು ಸಾಲಿಗೆ ಹೋದಳು. ನಾನು ಚೀಲ ತೆಗೆದು ಅಂಗಿ ತುರುಕತೊಡಗಿದೆ. ಮಧ್ಯೆ ವಹಿಯ ಮೇಲೆ ಕಣ್ಣು ಹೋಯಿತು. ಎಡಕ್ಕೆ ಪ್ರಶ್ನೆಗಳು. ಬಲಕ್ಕೆ, ಕೊನೆಯ ನಿರೀಕ್ಷಿತ ಉತ್ತರ: 'ತಮ್ಮನು ಚೀಲ ಕಟ್ಟುವನು.' ಅದರ ಕೆಳಗೆ: 'ದಾರಿಗೆ ರೊಟ್ಟಿ ಗೋಡೆಯ ಮಾಡದಲ್ಲಿ ಇಟ್ಟಿದೆ.'

ಗೋಡೆಯ ಆ ಗೂಡಿನಲ್ಲಿ ನೋಡಿದೆ. ಗಂಟು ಇತ್ತು, ಇನ್ನೂ ಬಿಸಿ.

ಗಂಟನ್ನು ಅಂಗಿಗಳ ಮೇಲೆ ಇಟ್ಟೆ. ಇಡೀ ವರ್ಷದಲ್ಲಿ ಅಕ್ಕ ಬರೆದ ಒಂದು ಉತ್ತರವೂ ಆಣೆ ಹಾಕಿಸದೆ ಬರೆದ ಹಾಗೆ ಬಂದಿರಲಿಲ್ಲ. ಇದೊಂದನ್ನಾದರೂ ಕೆಡಿಸಬಾರದು ಎಂದು ಚೀಲದ ಬಾಯಿ ಕಟ್ಟಿದೆ.