ಎರಡೂವರೆ ಗಂಟೆಯ ಆಕಾಶ

"ಹೊತ್ತಿನ ವಿಷಯದಲ್ಲಿ ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ" ಎಂದು ಗಡಿಯಾರ ರಿಪೇರಿಯವನು ಹೇಳಿದಾಗ ಅಂಗಡಿಯ ಹದಿನೇಳು ಗಡಿಯಾರಗಳೂ ಟಿಕ್ ಎಂದು ಹೂಂಗುಟ್ಟಿದವು.

ಹೆಂಡತಿಗೆ ವಿಮಾನವೆಂದರೆ ಎದೆನಡುಕ. ಆದರೆ ಸಮುದ್ರದಾಚೆಯ ತಂಗಿಯನ್ನು ಕಂಡು ಒಂಬತ್ತು ವರ್ಷವಾಗಿತ್ತು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಟಿಕೆಟ್ ಓದಿದ. ಬೆಳಿಗ್ಗೆ ಏಳಕ್ಕೆ ಹೊರಡುವುದು, ಒಂಬತ್ತೂವರೆಗೆ ತಲುಪುವುದು.

"ಎರಡೂವರೆ ಗಂಟೆ ಕಣೇ. ನಿಮ್ಮಮ್ಮನ ಮನೆಗೆ ಬಸ್ಸಲ್ಲಿ ಹೋಗೋಕೂ ಇದಕ್ಕಿಂತ ಹೆಚ್ಚು ಬೇಕು."

ರಿಪೇರಿಗೆ ಬಂದಿದ್ದ ಭೂಗೋಳದಾಕಾರದ ಗಡಿಯಾರದ ಮೇಲೆ ಅವಳ ಹೊಲಿಗೆಯ ನೀಲಿ ದಾರವಿಟ್ಟು ತಂಗಿಯ ಊರಿನವರೆಗೆ ಅಳೆದ. ಎಂಟೂವರೆ ಸಾವಿರ ಕಿಲೋಮೀಟರು! ಗಂಟೆಗೊಂದು ಗಂಟು ಎಂದು ಎರಡೂವರೆ ಗಂಟು ಹಾಕಿದ.

"ಅರ್ಧ ಗಂಟು ಅಂದ್ರೆ ಹೇಗಿರತ್ತೆ?"

"ಸ್ವಲ್ಪ ಸಡಿಲ."

"ನಿಮ್ಮ ಲೆಕ್ಕದ ಹಾಗೆ" ಎಂದಳು. ಆದರೂ ಒಪ್ಪಿದಳು. ಎರಡೂವರೆ ಗಂಟೆಯ ಹೆದರಿಕೆಯನ್ನು ಹೇಗೋ ಹಲ್ಲು ಕಚ್ಚಿ ತಡೆದುಕೊಳ್ಳಬಹುದು. ಅವನು ತನ್ನ ಅಂಗಡಿಯ ಅತ್ಯುತ್ತಮ ವಾಚನ್ನು ಅವಳ ಕೈಗೆ ಕಟ್ಟಿದ.

ವಿಮಾನ ಏರಿತು. ಅವನು ಅಂಗಡಿಗೆ ಮರಳಿ ದಾರ ಹಿಡಿದು ಕೂತ. ಬೆರಳಿನಡಿ ಒಂದೊಂದು ಗಂಟು ಜಾರಿದಂತೆ ಅವಳು ಒಂದೊಂದು ಮೋಡ ದಾಟುತ್ತಿದ್ದಳು. ಸರಿಯಾಗಿ ಒಂಬತ್ತೂವರೆಗೆ ನಾದಿನಿಗೆ ಫೋನು ಮಾಡಿದ.

"ಬಂದಳಾ?"

"ಭಾವ, ಇಲ್ಲೀಗ ರಾತ್ರಿ ಒಂದೂವರೆ. ಟಿಕೆಟ್ಟಲ್ಲಿರೋ ಒಂಬತ್ತೂವರೆ ಇಲ್ಲಿನ ಹೊತ್ತು. ಪೂರಾ ಹತ್ತೂವರೆ ಗಂಟೆ ಪ್ರಯಾಣ. ಅಕ್ಕ ಕೂತಿರೋದು ವಿಮಾನದಲ್ಲಿ, ಫಿರಂಗಿ ಗುಂಡಿನ ಮೇಲಲ್ಲ."

ಅವನು ಫೋನು ಕೆಳಗಿಟ್ಟ. ತನ್ನ ಮಾತು ನಂಬಿ ಎರಡೂವರೆ ಗಂಟೆಗಾಗುವಷ್ಟೇ ಧೈರ್ಯ ಕಟ್ಟಿಕೊಂಡು ಹೋದವಳು ಉಳಿದ ಎಂಟು ಗಂಟೆ ಏನು ಮಾಡಿಯಾಳು? ಅಂದು ಯಾರ ಗಡಿಯಾರವನ್ನೂ ಬಿಚ್ಚಲಿಲ್ಲ. ಗಂಟೆ ಕಳೆದಂತೆಲ್ಲ ದಾರಕ್ಕೆ ಮತ್ತೊಂದು ಗಂಟು ಹಾಕುತ್ತ ಹೋದ. ಹದಿನೇಳು ಗಡಿಯಾರಗಳ ಸದ್ದು ಮೋಡದ ಮೇಲೆ ಒಬ್ಬಳೇ ನಡೆಯುವವಳ ಹೆಜ್ಜೆಯಂತೆ ಕೇಳಿಸಿತು.

ಸಂಜೆ ಆರೂವರೆಗೆ, ತಂಗಿಯ ಮನೆಯಿಂದ ಅವಳ ದನಿ ಬಂತು.

"ವಾಚು ಒಂಬತ್ತೂವರೆ ತೋರಿಸ್ತು. ಚೀಲ ಎತ್ಕೊಂಡು ಬಾಗಿಲ ಹತ್ರ ಹೋಗಿ ನಿಂತೆ. ಗಗನಸಖಿ 'ಎಲ್ಲಿಗಮ್ಮಾ' ಅಂದಳು. 'ಇಳಿಯೋಕೆ' ಅಂದೆ. ನಮ್ಮ ಯಜಮಾನರ ವಾಚು ತಪ್ಪೋದೇ ಇಲ್ಲ ಅಂತ ಜಗಳಾನೂ ಆಡಿದೆ."

"ತುಂಬಾ ಹೆದರಿದೆಯಾ?" ಅವನ ದನಿ ನೆಲ ಕಚ್ಚಿತ್ತು.

"ಎರಡೂವರೆ ಗಂಟೆ ಹೆದರಿದೆ. ನೀವು ಹೇಳಿದ್ದು ಅಷ್ಟೇ ಅಲ್ವಾ, ಹೆದರಿಕೆ ಅಲ್ಲಿಗೆ ತೀರ್ತು. ಆಮೇಲೆ ಕಿಟಕಿ ನೋಡಿದೆ. ಸೂರ್ಯ ನಮ್ಮ ಜೊತೇಲೇ ಬರ್ತಿದ್ದ. ಬೆಳಗು ಮುಗೀಲೇ ಇಲ್ಲ ಕಣ್ರೀ. ಒಲೆ ಹಚ್ಚೋದಿಲ್ಲ, ಕಸ ಗುಡಿಸೋದಿಲ್ಲ. ಅಷ್ಟುದ್ದದ ಬೆಳಗು ನನಗೆ ಯಾವತ್ತೂ ಸಿಕ್ಕಿರಲಿಲ್ಲ."

ಅವನು ದಾರವನ್ನು ಮೆಲ್ಲಗೆ ಬೆರಳಿಗೆ ಸುತ್ತಿಕೊಂಡ. ಹೋದ ಜೀವ ಬಂದಂತಾಗಿ, ಜೊತೆಗೆ ಹಳೆಯ ಜಂಬವೂ ಒಂದಿಷ್ಟು ತಲೆಯೆತ್ತಿತು.

"ವಾಚು ಚೆನ್ನಾಗಿ ನಡೀತಿದೆ ತಾನೇ?"

"ಅದನ್ನೇ ಹೇಳೋಣ ಅಂತಿದ್ದೆ. ಎಂಟು ಗಂಟೆ ಮುಂದೆ ಓಡ್ತಿದೆ. ತಂಗಿ ಬೀದೀಲಿ ಒಬ್ಬ ಒಳ್ಳೆ ರಿಪೇರಿಯವನಿದಾನಂತೆ. ತೋರಿಸ್ಲಾ?"