ಪಂಜಾಬಿ ಸಾಲಿಯೊಳಗ ಕನ್ನಡ ತಬಲಾ

ಇಚಲಕರಂಜಿಯೊಳಗ ದಿನಾ ಮಗ್ಗದ ಸಪ್ಪಳಾ ಕೇಳಿ, ಸಂಜಿಕೆ ಭಜನಿಗೆ ತಬಲಾ ಬಾರಿಸಾಂವ ನಾನು. ಹಂತಾ ನನ್ನನ್ನ ಗುರುದ್ವಾರದಾಗಿನ ಆಯಿತವಾರದ ಸಾಲಿಗೆ ತಬಲಾ ಮಾಸ್ತರ ಮಾಡಿದ ಮ್ಯಾಲ, ನಗು ಹುಡುಕ್ಕೊಂಡು ಹೋಗೂ ತ್ರಾಸೇ ಉಳಿದಿಲ್ಲ. ಅಲ್ಲಿ ಸಿಖ್ಖರ ಮಕ್ಕಳಿಗೆ ದೇವರ ಪಾಠ, ಪಂಜಾಬಿ ಬರಿಯೂ ಗುರುಮುಖಿ ಅಕ್ಷರ, ಕೀರ್ತನ ಕಲಸ್ತಾರ. ಮಕ್ಕಳು ಹುಟ್ಟಿದ್ದು ಇಲ್ಲೇ. ಬಾಯಾಗ ಬರೂದು ಮರಾಠಿ.

ಮೊದಲನೇ ದಿವಸ

ಗುರುದ್ವಾರದಾಗ ಬರೇ ತಲೀಲೆ ಹೋಗಬಾರದಂತ, ತಲಿಗೆ ಟವೆಲ್ಲು ಸುತ್ತಿಕೊಂಡು ಬಾಗಲಾ ದಾಟಿದೆ. ಇಪ್ಪತ್ತು ಮಕ್ಕಳು ಒಂದೇ ದನಿಲೆ ಒದರಿದ್ವು: "ಐಡಾ!"

ನನ್ನ ಕಿವಿಗೆ ಬಿದ್ದದ್ದು "ಯೇಡಾ". ಮರಾಠ್ಯಾಗ ಯೇಡಾ ಅಂದ್ರ ಹುಚ್ಚ. ಬಂದ ದಾರೀಲೇ ತಿರುಗಿದೆ. ಅಕ್ಷರ ಕಲಸೂ ಅಕ್ಕೋರು ಓಡಿ ಬಂದು, "ಎಲ್ಲಿ ಹೊಂಟ್ರಿ ಮಾಸ್ತರ?" ಅಂದ್ರು.

"ಮಕ್ಕಳು ನನ್ನ ಗುರುತು ಹಿಡದಾವ್ರಿ!"

ಅವರು ಬೋರ್ಡು ತೋರಿಸಿದ್ರು. ಐಡಾ ಅನ್ನೂದು ಗುರುಮುಖಿಯ ಎರಡನೇ ಅಕ್ಷರ!

ಮನಿಗೆ ಬಂದು ಹೇಳಿದ್ರ ನಮ್ಮಾಕಿ ಅಂದ್ಲು: "ಬೋರ್ಡ್ ಮ್ಯಾಲ ಬರಿಯೂದು ಯಾಕ? ನಿಮ್ಮನ್ನೇ ನಿಲ್ಲಿಸಿದ್ರ ಮಕ್ಕಳು ಜನ್ಮದಾಗ ಮರಿಯಂಗಿಲ್ಲ."

ಕಡಾ

ಮಕ್ಕಳಿಗೆ ಹೊಸಾ ಕಡಾ ಕೊಡಸಬೇಕಂತ ಉಮೇದಿ ಬಂತು. ಕಡಾ ಅಂದ್ರ ಅವರು ಮುಂಗೈಗೆ ಹಾಕ್ಕೊಳ್ಳೂ ಬಳಿ. ಬೆಳ್ಳಿಗೆ ಹೆಸರಾದ ಹುಪರಿಯೊಳಗ ನನ್ನ ಷಡ್ಡಕ ಬೆಳ್ಳಿ ಕೆಲಸ ಮಾಡ್ತಾನ, ಅಲ್ಲಿಗೆ ಹೋದೆ. ಖುಷಿಲೆ ಬೆಳ್ಳಿ ತಗದಾ.

"ಬೆಳ್ಳಿ ಅಲ್ಲೋ, ಕಬ್ಬಿಣದ್ದು ಬೇಕು. ಬಡವ, ಸಾವಕಾರ, ಎಲ್ಲಾರ ಕೈಯಾಗೂ ಅದೇ."

ಅಂವಾ ಎದ್ದು ಬಾಗಲಾ ಹಾಕಿದಾ. "ಹುಪರಿಗೆ ಬಂದು ಕಬ್ಬಿಣ ಕೇಳಿದಾಂವ ನೀ ಒಬ್ಬಾಂವ. ಹೊರಗ ಯಾರ ಮುಂದೂ ಅನಬ್ಯಾಡ, ಮನ್ಯಾಗ ಲಗ್ನಕ್ಕ ಬಂದ ಮಗಳದಾಳ!"

ಎರಡನೇ ಸಾಲು

ಗುರುಪುರಬಕ್ಕ, ಅಂದ್ರ ಅವರ ಗುರುಗಳ ಜಯಂತಿಗೆ, ಮಕ್ಕಳ ಕೀರ್ತನ ಇತ್ತು. ಕೊಲ್ಹಾಪುರ, ಗಡಹಿಂಗ್ಲಜದಿಂದ ಮಂದಿ ಬಂದಿತ್ತು. ಪಂಜಾಬದಿಂದ ಬಂದ ಹಿರ್ಯಾರೊಬ್ಬರು ಮುಂದೇ ಕುಂತಿದ್ರು.

ಹಾಡಾಕಿ ಒಂಬತ್ತು ವರ್ಷದ ಹುಡುಗಿ. ಮಂದ್ಯಾಗ ಬಾಯಿ ಬಿಡೂದಂದ್ರ ಆಕಿಗೆ ಜೀವಾ ಹೋದಂಗ. ಹೋದ ವರ್ಷ ಅಳಕೋತ ಎದ್ದು ಹೋಗಿದ್ಲು. ಈ ಸಲ ತಿಂಗಳಗಟ್ಲೆ ತಾಲೀಮು ಮಾಡಿದ್ದಿವಿ. ಮೊದಲನೇ ಸಾಲು ಚಂದ ಹಾಡಿದ್ಲು. ಎರಡನೇದು ಮರತೇ ಹೋತು. ಹಾರ್ಮೋನಿಯಂ ಬಾರಿಸಿಕೋತ ನನ್ನ ಕಡೆ ನೋಡಿದ್ಲು. ನಾ ಬಾಜೂಕ ಬಗ್ಗಿ, ಗಾಬರ್ಯಾಗ ಕನ್ನಡದಾಗೇ ಪಿಸುಗುಟ್ಟಿದೆ: "ಹೆದರಬ್ಯಾಡವಾ, ನಾ ಅದೇನಿ."

ಆ ಹುಡುಗಿಗೆ ಕನ್ನಡ ಎಲ್ಲಿಂದ ಬರಬೇಕು! ಮಾಸ್ತರು ಮರತ ಸಾಲು ಹೇಳಿಕೊಟ್ರು ಅಂತ ತಿಳಕೊಂಡ್ಲು. ಕಣ್ಣು ಮುಚ್ಚಿ, ಅದೇ ರಾಗದಾಗ, ಮೈಕಿನಾಗ ಎತ್ತಿದ್ಲು: "ಹೆದರಬ್ಯಾಡವಾ... ನಾ ಅದೇನೀ..." ಅದೂ ಎರಡು ಸಲ! ಮಂದಿ ಭಕ್ತಿಲೆ ಕೈ ಮುಗೀತು. ನನ್ನ ಕೈ ತಬಲಾ ಮ್ಯಾಲ ಎಲ್ಲೆಲ್ಲಿ ಬಿತ್ತೋ ದೇವರಿಗೇ ಗೊತ್ತು. ಅಷ್ಟರಾಗ ಆಕಿಗೆ ಖರೇ ಸಾಲು ನೆನಪಾಗಿ, ಕಡೀತನಕ ಹಾಡಿ ಮುಗಿಸಿದ್ಲು. ನನ್ನ ಕಣ್ಣಾಗ ನೀರು ಬಂತು.

ಆಮ್ಯಾಲ ಹಿರ್ಯಾರು ನನ್ನ ಕರದು ಹಿಂದಿಯೊಳಗ ಕೇಳಿದ್ರು: "ಎರಡನೇ ಸಾಲು ಯಾವ ಭಾಷಾ? ಅರ್ಥ ಏನು?"

"ತಪ್ಪಾತ್ರಿ," ಅಂತ ಕೈ ಮುಗದು, ಅರ್ಥ ಬಿಡಿಸಿ ಹೇಳಿದೆ. ಅವರು ಗಡ್ಡಾ ಸವರಿಕೋತ ನಕ್ಕರು.

"ದೇವರು ಹೇಳೂದೂ ಅದನ್ನೇ ಅಲ್ಲೇನು? ಆ ಕೂಸು ಕೇಳಿತು, ಹೆದರಲಿಲ್ಲ. ಹೆದರಿ ತಾಳ ತಪ್ಪಿದವ್ರು ನೀವು!"